‘ಹಿಮದ್ವಾರ’ದ ಅಂಚಿನಲ್ಲಿ ಗೀಚಿದವರಿಗೆ

ಬಾಣಾವರ
೧೨ ಆಗಸ್ಟ್ ೧೯೯೯

ಮಾನ್ಯ ಪೆನ್ಸಿಲ್‌ಧಾರಿಗಳೇ,

ತಾವು ಗಂಡಸೋ ಹೆಂಗಸೋ, ಊರಿನವರೋ ಅಥವಾ ರೈಲು ತಡವಾದಾಗ ಹೊತ್ತು ಕಳೆಯಲು ಬಂದು ಕೂರುವವರೋ ತಿಳಿಯದಿರುವುದರಿಂದ, ನಮ್ಮ ಪುಟ್ಟ ವಾಚನಾಲಯದ ಸೂಚನಾ ಫಲಕಕ್ಕೇ ಈ ಪತ್ರವನ್ನು ಅಂಟಿಸಿ, ದೂರದಿಂದಲೇ ಕೈಮುಗಿಯುತ್ತಿದ್ದೇನೆ.

ನಮ್ಮಲ್ಲಿರುವ ಏಕೈಕ ಮಾಯಾಲೋಕದ ಕಾದಂಬರಿ ‘ಹಿಮದ್ವಾರ’ದ ಪುಟಪುಟದ ಅಂಚಿನಲ್ಲೂ ತಾವು ಪಾತ್ರಗಳ ಬಗ್ಗೆ ಅಭಿಪ್ರಾಯ ದಯಪಾಲಿಸಿದ್ದೀರಿ. ಕತ್ತಿ ಹಿರಿದು ನಿಂತ ಯುವರಾಜ ವಜ್ರಕೇತುವಿನ ಪಕ್ಕದಲ್ಲಿ ‘ಮೂರು ಪುಟದಿಂದ ಯೋಚ್ನೆ ಮಾಡ್ತಾವ್ನೆ, ಅಷ್ಟ್ರಲ್ಲಿ ಜಾವಗಲ್ ಬಸ್ಸು ಹೋಗಿ ಬಂದಿರೋದು’ ಎಂದೂ, ಅರಮನೆ ತೊರೆದು ಕಾಡು ಸೇರಿದ ರಾಜಕುಮಾರಿಗೆ ‘ಬುತ್ತಿ ಕಟ್ಕಂಡ್ ಬಂದವ್ಳಾ?’ ಎಂದೂ, ಲೋಕಕಂಟಕನಾದ ಮಾಂತ್ರಿಕನಿಗೆ ‘ಇವ್ನೇ ವಾಸಿ, ಹೇಳಿದ್ ಹೊತ್ಗೆ ಬತ್ತಾನೆ’ ಎಂದೂ ಬರೆದ ತಮ್ಮ ವಿಮರ್ಶಾಶಕ್ತಿಗೆ ಏನೆನ್ನಲಿ! ಈಗ ಓದುಗರು ಕಾದಂಬರಿಯನ್ನು ಬಿಟ್ಟು ಅಂಚನ್ನಷ್ಟೇ ಓದಿ ಹಿಂದಿರುಗಿಸುತ್ತಿದ್ದಾರೆ. ಇನ್ನೂ ಬರಬೇಕಾದ ಪುಸ್ತಕಗಳಿಗೂ ತಾವು ಮುಂಚಿತವಾಗಿ ಅಭಿಪ್ರಾಯ ಬರೆದುಕೊಟ್ಟರೆ, ಅವನ್ನು ತರಿಸುವ ಶ್ರಮವೇ ನಮಗೆ ತಪ್ಪುತ್ತದೆ.

ಆದರೆ ನಮ್ಮ ಅಧ್ಯಕ್ಷರಾದ ಗಂಗಾಧರಪ್ಪನವರಿಗೆ ಈ ಸಾಹಿತ್ಯ ಪ್ರಕಾರ ಹಿಡಿಸಿಲ್ಲ. ಸೋಮವಾರದೊಳಗೆ ಒಂದು ಗೆರೆಯೂ ಉಳಿಯದಂತೆ ಅಳಿಸಬೇಕು, ಇಲ್ಲವಾದರೆ ಪುಸ್ತಕ ರದ್ದಿಗೆ ಹೋಗುತ್ತದೆ ಎಂದು ಅಪ್ಪಣೆಯಾಗಿದೆ. ಹೀಗಾಗಿ ಇಲ್ಲಿನ ಸಹಾಯಕನಾದ ನಾನು ಮೂರು ರಬ್ಬರ್ ಸವೆಸಿದ್ದೇನೆ, ಥೂ, ಬೊಬ್ಬೆ ಎದ್ದ ಬೆರಳನ್ನು ತೋರಿಸೋಣವೆಂದರೆ ತಾವು ಎದುರಿಗೂ ಇಲ್ಲ.

ಅಳಿಸುತ್ತಾ ಅಳಿಸುತ್ತಾ ಸಂಪಿಯ ಅಧ್ಯಾಯಕ್ಕೆ ಬಂದೆ. ಸಂಪಿಯೆಂದರೆ ರೆಕ್ಕೆಹಾವುಗಳ ಲಾಯ ಗುಡಿಸುವ ಮುದುಕಿ. ‘ಸಂಪಿ ಬಂದಳು, ಲಾಯ ಗುಡಿಸಿದಳು’ ಎಂದು ಅಚ್ಚಾಗಿರುವಲ್ಲೆಲ್ಲ ತಾವು ‘ಳು’ ಹೊಡೆದು ‘ರು’ ಮಾಡಿದ್ದೀರಿ. ಯುವರಾಜನಿಗೆ ಏಕವಚನ, ಕಸ ಗುಡಿಸುವವಳಿಗೆ ಬಹುವಚನ! ಇವರಿಗೆ ಪಾಠ ಹೇಳಿದ ಮೇಷ್ಟರು ಯಾರಪ್ಪಾ ಎಂದು ಬೈದುಕೊಂಡೆ.

ನಮ್ಮ ವಾಚನಾಲಯವನ್ನು ಇಪ್ಪತ್ತೆರಡು ವರ್ಷಗಳಿಂದ ಗುಡಿಸುತ್ತಿರುವವರು ನನ್ನ ತಾಯಿ ಹನುಮಮ್ಮ. ಅಕ್ಷರ ಬಾರದು, ಕತೆಯೆಂದರೆ ಪ್ರಾಣ. ತಮ್ಮ ತಿದ್ದುಪಡಿ ಕೇಳಿ ಅವರೂ ನಗಲಿ ಎಂದು, ಆ ಅಧ್ಯಾಯವನ್ನು ತಾವು ತಿದ್ದಿದಂತೆಯೇ ಓದಿ ಹೇಳಿದೆ. ಅವ್ವ ಪೊರಕೆ ನಿಲ್ಲಿಸಿ, ‘ರಾಣಿಯಮ್ಮೋರು ಯಾಕ್ಲಾ ಲಾಯ ಗುಡುಸ್ತಾವ್ರೆ?’ ಎಂದು ಕೇಳಿದರು. ರಾಣಿಯಲ್ಲ ಕಣವ್ವ, ಕೆಲಸದವಳು ಎಂದೆ. ‘ಮತ್ತೆ ಬಂದರು ಅಂದ್ಯಲ್ಲ?’ ಎಂದರು.

ಅಧ್ಯಕ್ಷರಿಂದ ಹಿಡಿದು ಅವರ ಮೊಮ್ಮಕ್ಕಳವರೆಗೆ ಎಲ್ಲರ ಬಾಯಲ್ಲೂ ‘ಏ ಹನುಮಮ್ಮ, ಇಲ್ಲೊಂಚೂರು ಗುಡ್ಸು’ ಎಂಬುದನ್ನೇ ಕೇಳಿಸಿಕೊಂಡ ಕಿವಿ ಅವ್ವನದು. ನನಗೆ ನಾಚಿಕೆಯಾಯಿತು, ರಬ್ಬರನ್ನು ಕೆಳಗಿಟ್ಟೆ.

ಆದುದರಿಂದ ಯುವರಾಜ, ರಾಜಕುಮಾರಿ, ಮಾಂತ್ರಿಕ ಈ ಮೂವರ ಮೇಲಿನ ತಮ್ಮ ಅಮೂಲ್ಯ ಅಭಿಪ್ರಾಯಗಳನ್ನು ಅಳಿಸಲಾಗಿದೆ, ಸಂಪಿಯವರ ‘ರು’ಗಳನ್ನು ಮುಟ್ಟಿಲ್ಲ. ಪುಸ್ತಕ ರದ್ದಿಗೆ ಹೋದರೆ ನಮ್ಮ ಮನೆಗೇ ಒಯ್ಯುತ್ತೇನೆ. ಒಂದೇ ವಿನಂತಿ: ಸೋಮವಾರ ತಾವು ಪೆನ್ಸಿಲ್ ಸಮೇತ ದಯಮಾಡಿಸಿ, ಅಧ್ಯಕ್ಷರ ನಾಲಗೆಯ ಮೇಲೂ ಒಂದು ‘ರು’ ಬರೆದುಕೊಟ್ಟು ಹೋಗಬೇಕು.

ಬೆರಳು ನೋಯುತ್ತಿದ್ದರೂ
ತಮ್ಮ ವಿಶ್ವಾಸಿಯೇ ಆದ,
ಧರ್ಮೇಶ್

ಮರೆತ ಮಾತು: ಕೊನೆಯ ಪುಟದಲ್ಲಿ ಯಾರಿಂದಲೂ ತೆರೆಯಲಾಗದ ಹಿಮದ್ವಾರವನ್ನು ಸಂಪಿ ‘ತೆರೆದಳು’ ಎಂಬಲ್ಲಿ ತಮ್ಮ ಕಣ್ಣು ತಪ್ಪಿದೆ. ಇಷ್ಟು ದೊಡ್ಡ ವಿಮರ್ಶಕರಿಗೆ ಇದು ಶೋಭೆಯಲ್ಲ. ನಾನೇ ತಿದ್ದಿದ್ದೇನೆ, ಪೆನ್ನಿನಲ್ಲಿ.