ಭಾವಮೈದುನ ಬರೆದ ಕೋಡ್

ಮನೆಯ ಸೋಫಾ ಒಂದು ತಮಗೆ ವಾಪಸ್ಸು ಸಿಕ್ಕರೆ ಸಾಕು, ಬೇರೆ ಸುಖವೇನೂ ಬೇಡ ಎಂಬ ಸ್ಥಿತಿಗೆ ಸರಿರಾಯರು ಬಂದು ಬಹಳ ಕಾಲವಾಗಿತ್ತು. ಅವರ ಆಫೀಸಿನಲ್ಲೇ ಹೊಸದಾಗಿ ಕೆಲಸಕ್ಕೆ ಸೇರಿದ ಹೆಂಡತಿಯ ತಮ್ಮ, "ಒಂದೆರಡು ದಿನ ಇದ್ದು ಹೋಗ್ತೀನಿ ಭಾವ" ಎಂದು ಚೀಲ ಇಳಿಸಿದ್ದು ಕಳೆದ ಬೇಸಿಗೆಯಲ್ಲಿ. ಬೇಸಿಗೆ ಹೋಯಿತು, ಮಳೆಗಾಲ ಬಂದು ಹೋಯಿತು, ಚಳಿಯೂ ಶುರುವಾಯಿತು. ಚೀಲ ಮಾತ್ರ ಇಟ್ಟಲ್ಲೇ ಇತ್ತು. ಬಾಗಿಲಿಗೆ ತಲೆ ತಗ್ಗಿಸಿ ಬರುವಷ್ಟು ಎತ್ತರದ ಈ ಗಂಡಸು ಅಕ್ಕನ ಬಾಯಲ್ಲಿ ಇನ್ನೂ "ಪುಟ್ಟ". ಪುಟ್ಟ ಸೋಫಾದ ಮೇಲೆ ಪವಡಿಸಿದನೆಂದರೆ ತಲೆ ಒಂದು ತುದಿಯಾಚೆ, ಕಾಲು ಇನ್ನೊಂದು ತುದಿಯಾಚೆ. ಸಂಜೆ ದಣಿದು ಬಂದ ಯಜಮಾನರು ಊಟದ ಮೇಜಿನ ಮರದ ಕುರ್ಚಿಯ ಮೇಲೆ ಕೂತು, ಕತ್ತು ಹೊರಳಿಸಿ ಟೀವಿ ನೋಡಬೇಕು.

ಕೆಲಸ ಖಾಯಂ ಆದ ಕೂಡಲೇ ಬೇರೆ ಮನೆ ಮಾಡುತ್ತೇನೆ ಎಂದು ಪುಟ್ಟ ಮಾತು ಕೊಟ್ಟಿದ್ದ. ಖಾಯಂ ಆಗಬೇಕಾದರೆ ಅವನು ಮೊದಲ ಬಾರಿಗೆ ಸ್ವಂತವಾಗಿ ಬರೆದ ಕೋಡ್, ಹಿರಿಯರೊಬ್ಬರು ಓದಿ ತಪ್ಪು ಹುಡುಕುವ ರಿವ್ಯೂನಲ್ಲಿ ಪಾಸಾಗಬೇಕು. ಆ ದಿನ ಬೆಳಿಗ್ಗೆ ಸರಿರಾಯರು ಕಂಪ್ಯೂಟರ್ ತೆರೆದರೆ ಮ್ಯಾನೇಜರರ ಮೇಲ್ ಕಾದಿತ್ತು. ಪುಟ್ಟನ ಕೋಡನ್ನು ರಿವ್ಯೂ ಮಾಡಬೇಕಾದವರು ಬೇರೆ ಯಾರೂ ಅಲ್ಲ, ಅವರೇ. ಸಂಜೆಯೊಳಗೆ ಮುಗಿಯಬೇಕು, ಗಿರಾಕಿ ಕಾಯುತ್ತಿದ್ದಾನೆ.

ಸರಿರಾಯರು ಎಂಬುದು ಅವರ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಯಾರು ಏನೇ ಕಳಿಸಲಿ, ತೆರೆದೂ ನೋಡದೆ "ಸರಿ ಇದೆ" ಎಂದು ಬರೆದು ಕಳಿಸುವ ಉದಾರ ಬುದ್ಧಿಗೆ ಆಫೀಸು ಕೊಟ್ಟ ಬಿರುದು. ಅಂಥ ಒಂದು "ಸರಿ ಇದೆ"ಯಿಂದಾಗಿ ಕಳೆದ ತಿಂಗಳು ಒಬ್ಬ ಗಿರಾಕಿಯ ಕಂಪ್ಯೂಟರುಗಳೆಲ್ಲ ಅರ್ಧ ದಿನ ಮಲಗಿಬಿಟ್ಟಿದ್ದವು. ಆದ್ದರಿಂದ ಮೇಲ್ ಓದಿ ಮುಗಿಯುವಷ್ಟರಲ್ಲಿ ಮ್ಯಾನೇಜರರೇ ಮೇಜಿನ ಹತ್ತಿರ ಬಂದು ನಿಂತರು.

"ರಾಯರೇ, ನಮ್ಮ ಹುಡುಗ ಅಂತ ಓದದೆ ಬಿಟ್ಟಿರೋ, ಭಾವ ಭಾವಮೈದುನ ಇಬ್ಬರೂ ಒಟ್ಟಿಗೇ ಮನೇಲಿ ಕೂತ್ಕೋಬಹುದು" ಎಂದು ನಗುನಗುತ್ತಲೇ ಹೇಳಿ ಹೋದರು. ಆ ನಗು ಸರಿರಾಯರಿಗೆ ಸ್ವಲ್ಪವೂ ಹಿಡಿಸಲಿಲ್ಲ.

ಓದದೆ ಪಾಸು ಮಾಡಿದರೆ ನೌಕರಿ ಹೋಗುತ್ತದೆ, ಪಾಸು ಮಾಡದಿದ್ದರೆ ಸೋಫಾ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಉಳಿದದ್ದು ಒಂದೇ ದಾರಿ. ಕೋಡನ್ನು ನಿಜವಾಗಿಯೂ ಓದುವುದು, ತಪ್ಪಿದ್ದರೆ ಪುಟ್ಟನ ಕೈಯಲ್ಲೇ ತಿದ್ದಿಸುವುದು, ಸಂಜೆಗೆ ಅವನನ್ನು ಖಾಯಂ ಮಾಡಿಸಿ ಮನೆಯಿಂದ ಸಾಗಹಾಕುವುದು. ಸರಿರಾಯರು ಅಂಗಿಯ ತೋಳು ಮಡಚಿ, ಕನ್ನಡಕ ಒರೆಸಿಕೊಂಡು ಓದಲು ಕೂತರು. ಇಂಥ ದೃಶ್ಯವನ್ನು ಹಿಂದೆಂದೂ ಕಾಣದ ಅಕ್ಕಪಕ್ಕದವರು, ಅವರಿಗೆ ಮೈಗೆ ಹುಷಾರಿಲ್ಲವೇನೋ ಎಂದು ಒಬ್ಬೊಬ್ಬರಾಗಿ ಬಂದು ವಿಚಾರಿಸಿಕೊಂಡು ಹೋದರು.

ಆ ಕಂಪನಿ ತಯಾರಿಸುತ್ತಿದ್ದುದು ಕಂಪ್ಯೂಟರಿಗೊಬ್ಬ ಕಾವಲುಗಾರನನ್ನು. ಯಾರು ಒಳಗೆ ಬಂದರು, ಏನನ್ನು ತೆರೆದರು, ಎಲ್ಲಿ ಕೈಯಾಡಿಸಿದರು ಎಂಬುದನ್ನೆಲ್ಲ ಬರೆದಿಡುವ ಸಾಫ್ಟ್‌ವೇರ್. ಏನನ್ನು ಬರೆಯಬೇಕು, ಎಲ್ಲಿ ಬರೆಯಬೇಕು, ಬರೆದದ್ದನ್ನು ಎಷ್ಟು ದಿನ ಇಡಬೇಕು ಎಂದು ಗಿರಾಕಿ ಒಂದು ಸೆಟ್ಟಿಂಗ್ಸ್ ಫೈಲಿನಲ್ಲಿ ಸಾಲುಸಾಲಾಗಿ ಅಪ್ಪಣೆ ಕೊಟ್ಟಿರುತ್ತಾನೆ. ಕೆಲಸ ಶುರು ಮಾಡುವ ಮುಂಚೆ ಕಾವಲುಗಾರ ಆ ಫೈಲನ್ನು ಓದಿ ಅರ್ಥ ಮಾಡಿಕೊಳ್ಳಬೇಕು. ಹಾಗೆ ಓದಿ ಅರ್ಥ ಮಾಡಿಕೊಳ್ಳುವ ಭಾಗವನ್ನೇ ಪುಟ್ಟ ಬರೆದದ್ದು.

ಶುರುವಿನಲ್ಲೇ ಸರಿರಾಯರು ತಡೆದು ನಿಂತರು. ಫೈಲಿನಲ್ಲಿ ಅರ್ಥವಾಗದ ಸಾಲು ಬಂದರೆ ಪುಟ್ಟನ ಕೋಡ್ ಏನು ಮಾಡುತ್ತದೆ? ಏನೂ ಮಾಡುವುದಿಲ್ಲ. ಕೇಳಲಿಲ್ಲವೆಂಬಂತೆ ಮುಂದಿನ ಸಾಲಿಗೆ ಹೋಗುತ್ತದೆ. ಗಿರಾಕಿ ಕೈತಪ್ಪಿ ಒಂದು ಅಕ್ಷರ ಬಿಟ್ಟರೆ ಸಾಕು, ಕಾವಲುಗಾರ ಆ ಬಾಗಿಲನ್ನು ಕಾಯುವುದೇ ಇಲ್ಲ, ಕಾಯುತ್ತಿಲ್ಲವೆಂದು ಯಾರಿಗೂ ತಿಳಿಯುವುದೂ ಇಲ್ಲ. ಈ ಸ್ವಭಾವವನ್ನು ಎಲ್ಲೋ ಕಂಡಿದ್ದೇನಲ್ಲ ಎಂದು ರಾಯರು ಯೋಚಿಸಿದರು. ಒದ್ದೆ ಟವೆಲನ್ನು ಕುರ್ಚಿಯ ಮೇಲೆ ಹಾಕಬೇಡವೆಂದು ಎಷ್ಟು ಸಲ ಹೇಳಿದ್ದರು. ಪುಟ್ಟ ಹೂಂ ಅನ್ನುವವನಲ್ಲ, ಊಹೂಂ ಅನ್ನುವವನೂ ಅಲ್ಲ. ಟವೆಲು ಕುರ್ಚಿ ಬಿಟ್ಟು ಕದಲಿದ್ದೂ ಇಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಕೋಡಾಗಿ ಬರೆದರೂ ಹೋಗುವುದಿಲ್ಲ ಎಂಬುದು ಅವರಿಗೆ ಅಂದು ಗೊತ್ತಾಯಿತು.

"ಅರ್ಥವಾಗದ ಸಾಲು ಬಂದರೆ ಸುಮ್ಮನೆ ಮುಂದೆ ಹೋಗಕೂಡದು. ಅಲ್ಲೇ ನಿಂತು, ಯಾರಾದರೂ ಬಂದು ವಿಚಾರಿಸುವವರೆಗೆ ಗಟ್ಟಿಯಾಗಿ ಕೂಗಬೇಕು" ಎಂದು ಪುಟ್ಟನಿಗೆ ರಿವ್ಯೂ ಟಿಪ್ಪಣಿ ಬರೆದರು.

ಮುಂದೆ ಓದಿದಂತೆಲ್ಲ ತಮ್ಮ ಮನೆಯ ಹಾಲಿನಲ್ಲೇ ನಡೆದಾಡಿದ ಹಾಗಾಯಿತು. ದಾಖಲೆಗಳನ್ನು ಎಲ್ಲಿ ಇಡಬೇಕೆಂದು ಹೇಳದಿದ್ದರೆ ಕೋಡ್ ತಾನು ನಿಂತಲ್ಲೇ ಎಸೆದುಬಿಡುತ್ತಿತ್ತು. ರಾಯರಿಗೆ ಪುಟ್ಟನ ಕಾಲುಚೀಲಗಳು ನೆನಪಾದವು. ಎಷ್ಟು ದಿನ ಇಡಬೇಕೆಂದು ಹೇಳದಿದ್ದರೆ ಕಂಪ್ಯೂಟರ್ ತುಂಬಿ ತುಳುಕುವವರೆಗೆ ಇಟ್ಟುಕೊಳ್ಳುತ್ತಿತ್ತು. ಇದನ್ನು ಓದುವಾಗ ಅವರ ಕಿವಿ ಕೆಂಪಾಯಿತು. "ಬಂದದ್ದು ಎಂದಾದರೂ ಹೋಗಲೇಬೇಕು. ಎಷ್ಟು ದಿನ ಎಂಬುದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಇಲ್ಲದಿದ್ದರೆ ಜಾಗವೆಲ್ಲ ತುಂಬಿ ಯಜಮಾನನಿಗೇ ಕಾಲಿಡಲು ಸ್ಥಳವಿರುವುದಿಲ್ಲ" ಎಂದು ಬರೆದರು. ಕೋಡಿಗೆ ಬೇಕಾದ್ದಕ್ಕಿಂತ ಸ್ವಲ್ಪ ಖಾರ ಜಾಸ್ತಿಯೇ ಆಯಿತೆಂದು ಒಪ್ಪಿಕೊಳ್ಳಬೇಕು.

ಪುಟ್ಟ ತನ್ನ ಮೇಜಿನಲ್ಲಿ ಇದನ್ನು ಓದಿದವನು ಭಾವನ ಬಳಿ ಬರಲಿಲ್ಲ, ಅಕ್ಕನಿಗೆ ಫೋನ್ ಹಚ್ಚಿದ. ಅಕ್ಕ ಗಂಡನಿಗೆ ಹಚ್ಚಿದಳು.

"ಏನ್ರೀ, ಬಂದೋರು ಎಷ್ಟು ದಿನ ಇರ್ತಾರೆ ಅಂತ ಮೊದಲೇ ಕೇಳ್ಬೇಕು ಅಂತ ಬರೆದಿದೀರಂತೆ. ನನ್ನ ಹತ್ರ ಹೇಳೋಕೆ ಧೈರ್ಯ ಸಾಲದೆ ಆಫೀಸಲ್ಲಿ ಬರೆದು ಹಾಕಿದ್ರಾ?"

"ಅದು ದಾಖಲೆ ವಿಷಯ ಕಣೇ."

"ದಾಖಲೆಗೇನು ಕಾಲಿದೆಯೇನ್ರೀ, ಬಂದು ಹೋಗೋಕೆ? ನೋಡಿ, ಮಗು ಅನ್ನ ಕೂಡ ತಿಂದಿಲ್ಲ ಬೆಳಿಗ್ಗೆಯಿಂದ. ಸಂಜೆ ಅವನು ಪಾಸಾಗಿ ಬರ್ಲಿಲ್ಲ ಅಂದ್ರೆ ನೀವೂ ಬರೋದು ಬೇಡ."

ಮಗು ಆಗತಾನೇ ಕ್ಯಾಂಟೀನಿನಿಂದ ಬಾಯಿ ಒರೆಸಿಕೊಂಡು ಬರುತ್ತಿರುವುದು ಸರಿರಾಯರಿಗೆ ಕಾಣುತ್ತಿತ್ತು. ಆದರೂ ಅವರು ಜಗಳಕ್ಕೆ ಇಳಿಯಲಿಲ್ಲ. ಹಿಡಿದ ಕೆಲಸ ದೊಡ್ಡದು.

ಅಷ್ಟರಲ್ಲಿ ಸುದ್ದಿ ಆಫೀಸೆಲ್ಲ ಹಬ್ಬಿ, ಬುದ್ಧಿ ಹೇಳುವವರ ಸಾಲು ಬೆಳೆಯಿತು. ಸ್ವಂತ ಭಾವಮೈದುನನನ್ನೇ ಹೀಗೆ ಗೋಳು ಹೊಯ್ದುಕೊಳ್ಳಬಾರದೆಂದು ಒಬ್ಬರು, ಇದೆಲ್ಲ ನಾಟಕ, ಕೊನೆಗೆ ಪಾಸು ಮಾಡುವವರೇ ಎಂದು ಇನ್ನೊಬ್ಬರು. ಟೆಸ್ಟಿಂಗ್ ವಿಭಾಗದ ಹಿರಿಯ ಹೆಂಗಸು, ಎಲ್ಲರೂ ದೊಡ್ಡಕ್ಕ ಎಂದು ಕರೆಯುವವರು, ಮಾತ್ರ ಕೆಲಸದ ಮಾತು ತಂದರು. ಮೊದಲ ಟಿಪ್ಪಣಿಯಂತೆ ಪುಟ್ಟ ಆಗಲೇ ತಿದ್ದಿದ್ದ ಕೋಡಿಗೆ ಗಿರಾಕಿಯ ನಿಜವಾದ ಸೆಟ್ಟಿಂಗ್ಸ್ ಫೈಲನ್ನೇ ಕೊಟ್ಟು ನೋಡಿದ್ದರು. ಆ ಫೈಲೋ, ಹತ್ತು ಜನ ಹತ್ತು ಕಾಲದಲ್ಲಿ ಕೈಯಾಡಿಸಿದ್ದು. ಅರ್ಧ ಸಾಲುಗಳು ಬರೆದವರಿಗೇ ಅರ್ಥವಾಗುವಂತಿರಲಿಲ್ಲ. ದಿನವೂ ಹೊಸದಾಗಿ ಯಾರಾದರೊಬ್ಬರು ಬಂದು ಏನಾದರೊಂದು ಗೀಚಿ ಹೋಗುವುದು ಅಲ್ಲಿಯ ಪದ್ಧತಿಯಂತೆ.

"ಒಂದೇ ಸಮ ಕೂಗ್ತಾ ಇದೆ ಸಾರ್, ಹಸಿದ ಕೂಸಿನ ಥರ" ಎಂದರು ದೊಡ್ಡಕ್ಕ.

"ಕೂಗ್ಲಿ ಬಿಡಿ. ಅದಕ್ಕೇ ತಾನೇ ಇರೋದು."

ಇದು ಮ್ಯಾನೇಜರರ ಕಿವಿಗೂ ಬಿತ್ತು. ಅವರು ಬಂದು, ಈ ಕೂಗಾಟ ಒಂದನ್ನು ತೆಗೆದುಬಿಡೋಣ, ಹಳೆಯ ಹಾಗೇ ಸುಮ್ಮನೆ ಹೋಗಲಿ, ಗಿರಾಕಿಗೆ ಬೇಸರವಾಗುತ್ತದೆ ಎಂದು ಮೆತ್ತಗೆ ಹೇಳಿನೋಡಿದರು. ಹುಟ್ಟಿದಾಗಿನಿಂದ ಯಾರಿಗೂ ಇಲ್ಲವೆನ್ನದ ಸರಿರಾಯರು ಕುರ್ಚಿಯಿಂದ ಎದ್ದು ನಿಂತರು. "ಆಗೋದಿಲ್ಲ ಸಾರ್. ಕಳ್ಳ ಬಂದಾಗ ಸುಮ್ಮನಿರೋ ಕಾವಲುಗಾರನಿಗೆ ನಾನು ಸಹಿ ಹಾಕಲ್ಲ. ಬೇಕಾದ್ರೆ ನನ್ನನ್ನ ತೆಗೀರಿ, ಆ ಕೂಗನ್ನ ತೆಗೀಬೇಡಿ." ಹೇಳಿದ ಮೇಲೆ ಅವರಿಗೇ ಗಾಬರಿಯಾಯಿತು. ಮ್ಯಾನೇಜರರು ಅವರನ್ನು ಹೊಸ ಮನುಷ್ಯನನ್ನು ನೋಡುವಂತೆ ನೋಡಿ ಒಳಗೆ ಹೋದರು.

ಮಧ್ಯಾಹ್ನದ ಮೇಲೆ ರಾಯರು ತಮ್ಮ ಕುರ್ಚಿಯನ್ನೇ ಎಳೆದುಕೊಂಡು ಹೋಗಿ ಪುಟ್ಟನ ಪಕ್ಕ ಕೂತರು. ಇಬ್ಬರೂ ಒಂದೊಂದೇ ತಪ್ಪನ್ನು ತಿದ್ದುತ್ತ ಹೋದರು. ಮೊದಮೊದಲು ಮುಖ ಊದಿಸಿಕೊಂಡಿದ್ದ ಪುಟ್ಟ ಬರಬರುತ್ತ ತಾನೇ "ಭಾವ, ಫೈಲೇ ಖಾಲಿ ಇದ್ರೆ?" "ಒಂದೇ ಅಪ್ಪಣೆ ಎರಡು ಸಲ ಇದ್ರೆ ಯಾವುದನ್ನ ಕೇಳ್ಬೇಕು?" ಎಂದು ಕೇಳತೊಡಗಿದ. ಹುಡುಗ ದಡ್ಡನಲ್ಲ, ಹತ್ತಿರ ಕೂರಿಸಿಕೊಂಡು ಹೇಳುವವರು ಇರಲಿಲ್ಲ ಅಷ್ಟೆ ಎಂದು ರಾಯರಿಗೆ ಅನಿಸಿ, ಹೆಮ್ಮೆಯೇ ಆಯಿತು. ಇಂಥವನು ಎಲ್ಲಿ ಬಾಡಿಗೆಗೆ ಇದ್ದರೂ ಚೆನ್ನಾಗಿ ಬಾಳುತ್ತಾನೆ ಎಂದೂ ಅನಿಸಿತು.

ಹೊತ್ತು ಇಳಿಯುವಷ್ಟರಲ್ಲಿ ದೊಡ್ಡಕ್ಕನ ಎಲ್ಲ ಪರೀಕ್ಷೆಗಳೂ ಪಾಸಾದವು. ಸರಿರಾಯರು ಜೀವಮಾನದಲ್ಲಿ ಮೊದಲ ಬಾರಿಗೆ, ಓದಿ, "ಸರಿ ಇದೆ" ಎಂದು ಬರೆದರು. ಕೆಲವರು ಕೈ ಕುಲುಕಿದರು. ಸ್ವಲ್ಪ ಹೊತ್ತಿಗೆ ಮ್ಯಾನೇಜರರು ಇಬ್ಬರನ್ನೂ ಒಳಗೆ ಕರೆಸಿಕೊಂಡರು.

ಪುಟ್ಟನ ಕೆಲಸ ಖಾಯಂ ಆಗಿತ್ತು. ಅವನು ಭಾವನ ಕಾಲಿಗೆ ಬೀಳುವುದೊಂದು ಬಾಕಿ. ಆಫೀಸಿನ ಹಿಂದಿನ ಬೀದಿಯಲ್ಲೇ ಒಂದು ರೂಮು ನೋಡಿಟ್ಟಿದ್ದೇನೆ, ನಾಳೆಯೇ ಹೋಗಿ ಮಾತಾಡುತ್ತೇನೆ ಎಂದ. ಸರಿರಾಯರ ಕಣ್ಣು ತೇವಗೊಂಡಿತು. ನೋಡಿದವರು ಅದನ್ನು ಅಗಲಿಕೆಯ ದುಃಖವೆಂದುಕೊಳ್ಳಬಹುದಿತ್ತು.

"ರೂಮು ಯಾಕಯ್ಯ?" ಎಂದರು ಮ್ಯಾನೇಜರರು. "ರಾಯರೇ, ನಿಮ್ಮ ಹಟಾನ ಗಿರಾಕಿಗೆ ಹೇಳಿದೆ, ಅವರಿಗೆ ತುಂಬ ಹಿಡಿಸ್ತು. ಆದ್ರೆ ಅವರು ಒಂದು ಮಾತು ಕೇಳಿದ್ರು, ನ್ಯಾಯವಾಗೇ ಇದೆ. ಅದು ಕೂಗುತ್ತೆ ಸರಿ. ಕೂಗಿದ್ರೆ ಕೇಳೋರು ಯಾರು?"

ಸರಿರಾಯರು ಪುಟ್ಟನ ಮುಖ ನೋಡಿದರು.

"ಹಗಲಾಗ್ಲಿ ರಾತ್ರಿಯಾಗ್ಲಿ, ಕೂಗಿದ ತಕ್ಷಣ ಬರೆದವನೂ ತಿದ್ದಿಸಿದವನೂ ಇಬ್ಬರೂ ಕೂತು ನೋಡ್ಬೇಕಂತೆ. ಒಂದೇ ಸೂರಿನಡಿ ಇರೋ ಅಂಥ ಜೋಡಿ ನಮ್ಮಲ್ಲಿ ಇನ್ನೆಲ್ಲಿದೆ? ನಿಮ್ಮ ಮನೆಯ ವಿಳಾಸವನ್ನೇ ಬರೆದುಕೊಟ್ಟೆ. ಪುಟ್ಟ ಇನ್ನು ಇಲ್ಲಿಗೆ ಬರೋದೇ ಬೇಡ, ಅಲ್ಲಿಂದಲೇ ಕೆಲಸ. ನಾಳೆ ಬೆಳಿಗ್ಗೆ ಮೇಜು, ಕಂಪ್ಯೂಟರ್ ಎಲ್ಲ ಬರುತ್ತೆ."

ನಮ್ಮದು ಚಿಕ್ಕ ಮನೆ, ಒಂದು ಕೋಣೆ ನಮ್ಮದು, ಒಂದು ಮಗಳದು, ಹಾಲಿನಲ್ಲಿ ಮೇಜು ಹಿಡಿಸುವುದಿಲ್ಲ ಎಂದು ಸರಿರಾಯರು ತೊದಲಿದರು. ಹಾಲಿನಲ್ಲಿ ಹೇಗೂ ಆಗುವುದಿಲ್ಲ, ಇದು ಗುಟ್ಟಿನ ಕೆಲಸ, ಬಾಗಿಲು ಹಾಕಿಕೊಳ್ಳುವ ಕೋಣೆಯೇ ಬೇಕು ಎಂದ ಮ್ಯಾನೇಜರರು, ಆ ಬಗ್ಗೆ ಚಿಂತೆ ಬೇಡ, ಮನೆಯವರ ಹತ್ತಿರ ಆಗಲೇ ಫೋನಿನಲ್ಲಿ ಮಾತಾಡಿದ್ದೇನೆ, ಬಹಳ ಒಳ್ಳೆಯ ಹೆಣ್ಣುಮಗಳು ಎಂದರು.

ರಾಯರು ಹೊರಗೆ ಬಂದು ಮನೆಗೆ ಫೋನ್ ಮಾಡಿದರು. ಹೆಂಡತಿಯ ದನಿಯಲ್ಲಿ ಬೆಳಗಿನ ಸಿಟ್ಟಿನ ಸುಳಿವೂ ಇರಲಿಲ್ಲ. ತಮ್ಮಿಬ್ಬರ ಕೋಣೆಯನ್ನು ಆಗಲೇ ಖಾಲಿ ಮಾಡಿಸಿದ್ದಾಳಂತೆ. ಪುಟ್ಟ ಅಲ್ಲೇ ಕೆಲಸ ಮಾಡಿ ಅಲ್ಲೇ ಮಲಗಲಿ, ತಾನು ಮಗಳ ಜೊತೆ ಮಲಗುತ್ತಾಳಂತೆ.

"ಮತ್ತೆ ನಾನು?"

"ಅಯ್ಯೋ, ಸೋಫಾ ಇದೆಯಲ್ಲ. ನಿಮ್ಮ ದಿಂಬು ಹೊದಿಕೆ ಎಲ್ಲ ಅಲ್ಲೇ ಇಟ್ಟಿದೀನಿ. ಇನ್ಮೇಲೆ ಅದು ಪೂರ್ತಿ ನಿಮಗೇ, ಯಾರೂ ಮುಟ್ಟಲ್ಲ."

ಫೋನ್ ಜೇಬಿಗೆ ಹಾಕಿಕೊಂಡು ತಿರುಗಿದರೆ ಪುಟ್ಟ ಹಿಂದೆಯೇ ನಿಂತಿದ್ದ. ಅಷ್ಟು ಹೊತ್ತಿಗೆ ಅವನಿಗೂ ವಿಷಯ ಅರ್ಥವಾಗಿತ್ತು. ಅವನು ನಿಜವಾದ ಕಾಳಜಿಯಿಂದ ಭಾವನ ಹೆಗಲ ಮೇಲೆ ಕೈಯಿಟ್ಟ.

"ಭಾವ, ನಡುವೆ ಮಲ್ಕೋಬೇಡಿ, ಗುಂಡಿ ಬಿದ್ದಿದೆ, ಸೊಂಟ ಹಿಡ್ಕೊಳ್ಳುತ್ತೆ. ನಿಮ್ಮ ಮನಸ್ಸಿಗೆ ನೋವಾಗ್ಬಾರದು ಅಂತ ನಾನು ಇಷ್ಟು ದಿನ ಹೇಗೋ ಸಹಿಸ್ಕೊಂಡಿದ್ದೆ."