ಮೆಂತ್ಯದ ಮಡಿ ಮೇದ ದೇವರ ಹೋತರಾಯರಿಗೆ

ಮಸಗುಪ್ಪಿ
ದೀಪಾವಳಿ ಪಾಡ್ಯ, 1998

ಗುಡ್ಡದ ದೇವಿಯ ಹೆಸರಿನಲ್ಲಿ ಬಿಡಲ್ಪಟ್ಟವರೂ, ಊರಿನ ಯಾವ ಬಡಿಗೆಗೂ ಹೆದರಬೇಕಾಗಿಲ್ಲದವರೂ, ನಮ್ಮ ನೆರೆಯ ಕುರಿಗಾರರ ಮನೆಯ ಫಕೀರವ್ವನ ಹಟ್ಟಿಗೆ ಭೂಷಣರೂ ಆದ ಮಾನ್ಯ ಹೋತರಾಯರ ಸನ್ನಿಧಿಗೆ, ತಮ್ಮ ದಯೆಯಿಂದ ಹಿತ್ತಲು ಕಳೆದುಕೊಂಡ ತ್ರಿಶಲಾ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂಬುದು ತಮ್ಮ ಹೊಟ್ಟೆಯನ್ನು ನೋಡಿದರೇ ತಿಳಿಯುತ್ತದೆ, ಆದ್ದರಿಂದ ವಿಚಾರಿಸುವುದಿಲ್ಲ.

ಮಾನ್ಯರೇ, ನಮ್ಮದು ಜೈನರ ಮನೆಯೆಂಬುದು ತಮಗೆ ಗೊತ್ತೇ ಇದೆ. ಗೊತ್ತಿರುವುದರಿಂದಲೇ ತಾವು ಊರಿನ ಅಷ್ಟೂ ಹಿತ್ತಲುಗಳನ್ನು ಬಿಟ್ಟು ನಮ್ಮದನ್ನೇ ಆರಿಸಿಕೊಂಡಿದ್ದೀರಿ. ನನ್ನ ಅತ್ತೆ ತಾರಾಬಾಯಿಯವರು ಆಷಾಢದಿಂದ ದೀಪಾವಳಿಯವರೆಗೆ, ಚಾತುರ್ಮಾಸದ ನಾಲ್ಕು ತಿಂಗಳು, ತಪ್ಪಲಪಲ್ಲೆಯನ್ನು ಬಾಯಿಗಿಡುವುದಿಲ್ಲ. ಮಳೆಗಾಲದ ಎಲೆಯಲ್ಲಿ ಕಣ್ಣಿಗೆ ಕಾಣದ ಜೀವಗಳಿರುತ್ತವೆಂದು ಬಿಟ್ಟಿರುತ್ತಾರೆ. ಹಾಗೆಂದು ಅವರಿಗೆ ಆಸೆಯಿಲ್ಲವೆಂದಲ್ಲ. ಮೆಂತ್ಯಪಲ್ಲೆಯೆಂದರೆ ಅವರಿಗೆ ಪ್ರಾಣ. ಆದರೆ ಸಂತೆಯ ಮೆಂತ್ಯಕ್ಕೆ ಔಷಧಿ ಹೊಡೆದು ಹುಳ ಕೊಂದಿರುತ್ತಾರೆಂದು ಅದು ಅವರ ಗಂಟಲಲ್ಲಿ ಇಳಿಯುವುದಿಲ್ಲ. ಹೀಗಾಗಿ ಈ ಸಲ ವ್ರತ ಬಿಡುವ ದಿನ ಅವರ ತಾಟಿಗೆ ನಮ್ಮ ಹಿತ್ತಲಿನ ಮೆಂತ್ಯವೇ ಬೀಳಬೇಕೆಂದು ನಾನು ಹಟ ಹಿಡಿದೆ. ತಪ್ಪು ನನ್ನದೇ. ತಮ್ಮನ್ನು ಕೇಳಿ ಹಟ ಹಿಡಿಯಬೇಕಿತ್ತು.

ನವರಾತ್ರಿಯ ಘಟಸ್ಥಾಪನೆಯ ದಿನ ನೆಲ ಕೆದರಿ, ಹೆಂಟೆ ಒಡೆದು, ಸಗಣಿಗೊಬ್ಬರ ಬೆರೆಸಿ ಮೆಂತ್ಯ ಬಿತ್ತಿದೆ. ಬಾಜೂಕ್ಕೆ ಕೊತ್ತಂಬರಿ, ಬೇಲಿಗುಂಟ ಅವರೆ, ಬಾವಿಕಟ್ಟೆಯ ಹತ್ತಿರ ಅರಭಾವಿಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಸೇವಂತಿ. ಹುಳ ಬಿದ್ದರೆ ಕೊಲ್ಲುವಂತಿಲ್ಲವಾದ್ದರಿಂದ ದಿನಾ ಮುಂಜಾನೆ ಒಂದೊಂದನ್ನೂ ಎಲೆ ಸಮೇತ ಎತ್ತಿ ಬೇಲಿಯಾಚೆಯ ಕಾಡುಗಿಡಕ್ಕೆ ಬಿಟ್ಟುಬರುತ್ತಿದ್ದೆ, ಅವು ಮರುದಿನ ತವರಿಗೆ ಬಂದ ಹೆಣ್ಣುಮಕ್ಕಳಂತೆ ನಗುನಗುತ್ತ ವಾಪಸ್ಸು ಬಂದಿರುತ್ತಿದ್ದವು. ಆದರೂ ಆ ಹೊತ್ತಿನ ಸುಖವೇ ಬೇರೆ, ಮಾನ್ಯರೇ. ಮಳೆ ಹಿಂದೆ ಸರಿದ ತಿಳಿ ಬಿಸಿಲು, ಇಬ್ಬನಿಗೆ ಒದ್ದೆಯಾದ ಸೀರೆಯ ಅಂಚು, ಕಳೆ ಕಿತ್ತ ಕೈಗೆ ಅಂಟಿದ ಮೆಂತ್ಯದ ವಾಸನೆ! ರೊಟ್ಟಿ ಬಡಿಯುವಾಗಲೂ ಆ ವಾಸನೆ ಹೋಗುತ್ತಿರಲಿಲ್ಲ, ಅತ್ತೆಯವರು ಹತ್ತಿರ ಬಂದು ಸುಮ್ಮನೆ ಮೂಗರಳಿಸಿ ಹೋಗುತ್ತಿದ್ದರು.

ಈ ನಡುವೆ ತಮ್ಮ ಭೇಟಿಗಳು. ತಮ್ಮ ರುಚಿಯನ್ನು ಎಷ್ಟು ಹೊಗಳಿದರೂ ಕಡಿಮೆ. ಸೇವಂತಿ ಮೊಗ್ಗು ನಾಳೆ ಅರಳುತ್ತದೆಂದರೆ ಇವತ್ತು ತಾವು ಹಾಜರು. ಅವರೆ ಕುಡಿ ಬಿಟ್ಟಿತೆಂದರೆ ನನಗಿಂತ ಮೊದಲು ತಮಗೆ ಸುದ್ದಿ. ತಾವು ಗೆಡ್ಡೆಗೆಣಸು ಮುಟ್ಟುವುದಿಲ್ಲ, ಉಳ್ಳಾಗಡ್ಡಿಯ ಕಡೆ ತಿರುಗಿಯೂ ನೋಡುವುದಿಲ್ಲ, ಹೊತ್ತು ಮುಳುಗಿದ ಮೇಲೆ ಬಾಯಾಡಿಸುವುದಿಲ್ಲ. ಇಷ್ಟೊಂದು ನೇಮ ನಮ್ಮ ಯಜಮಾನರಿಗೂ ಇಲ್ಲವೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಹಾಗೆಯೇ ತಪ್ಪಲಪಲ್ಲೆಯನ್ನೂ ನಾಲ್ಕು ತಿಂಗಳು ಬಿಟ್ಟಿದ್ದರೆ ತಮ್ಮ ಪಾದಪೂಜೆ ಮಾಡುತ್ತಿದ್ದೆ.

ನನ್ನನ್ನು ಕಾಡಿದ್ದು ಮಾತ್ರ ಗೇಟಿನ ಚಿಲಕ. ನಾನು ಹಾಕಿದ ಚಿಲಕ ತಮ್ಮ ಬರುವಿಕೆಗೆ ಸರಿಯಾಗಿ ತೆಗೆದಿರುತ್ತಿತ್ತು. ಹಾಲಿನವನನ್ನು ಬೈದೆ, ಪೇಪರಿನವನನ್ನು ಬೈದೆ, ಕಡೆಗೆ ತಾವೇ ಕೊಂಬಿನಿಂದ ತೆಗೆಯುತ್ತೀರೆಂದು ಲೆಕ್ಕ ಹಾಕಿ ತಮ್ಮ ಬುದ್ಧಿಗೆ ಬೆರಗಾದೆ. ಯಜಮಾನರು ಮುಳ್ಳುತಂತಿಯ ಸುರುಳಿ ತಂದರೆ ಅತ್ತೆಯವರು ಬಿಲ್‌ಕುಲ್ ಕಟ್ಟಗೊಡಲಿಲ್ಲ. “ಮೂಕ ಪ್ರಾಣಿ, ಅದರ ಕಿವಿ ಗಿವಿ ಹರದೀತು, ಆ ಪಾಪ ಯಾರು ಹೊರಬೇಕೋ?” ಎಂದು ಸುರುಳಿಯನ್ನು ಮಾಳಿಗೆಗೆ ಹಾಕಿಸಿದರು.

ನಿನ್ನೆ ಅಮಾವಾಸ್ಯೆ. ಬಸದಿಯಲ್ಲಿ ನಿರ್ವಾಣದ ಪೂಜೆ ಮುಗಿಯಿತು, ವ್ರತ ತೀರಿತು. ಬುಟ್ಟಿ ಹಿಡಿದು ಹಿತ್ತಲಿಗೆ ಹೋದೆ. ತಾವು ಮಡಿಯ ನಟ್ಟನಡುವೆ ನಿಂತು ಕೊನೆಯ ಗೆರೆ ಮುಗಿಸುತ್ತಿದ್ದಿರಿ. ಗೇಟಿನ ಬಳಿ, ಚಿಲಕದ ಮೇಲೆ ಕೈಯಿಟ್ಟುಕೊಂಡು, ನನ್ನ ಅತ್ತೆ!

ಎಂಥ ಸಿಟ್ಟು ಬಂತೆಂದರೆ ಹೇಳಲಾರೆ, ಮಾನ್ಯರೇ, ಅಳುವೂ ಬಂತು. ಯಾರ ಸಲುವಾಗಿ ಬೆನ್ನು ಬಗ್ಗಿಸಿದೆನೋ ಅವರೇ ಬಾಗಿಲು ತೆಗೆದು ಬಡಿಸಿದ್ದರು. ಮೆಂತ್ಯ ಮೊಳೆತಾಗಿನಿಂದಲೂ ಅವರೇ ತೆಗೆಯುತ್ತಿದ್ದರಂತೆ. “ಬರೂ ಮಂಗಳವಾರ ಇದನ್ನ ಗುಡ್ಡಕ್ಕ ಒಯ್ತಾರಂತ, ಫಕೀರವ್ವ ಮದ್ಲ ಹೇಳಿದ್ಲು” ಎಂದರು. ಒಯ್ಯುವುದೆಂದರೆ ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. “ನಾ ನಾಕ ತಿಂಗಳ ಬಿಟ್ಟೇನಿ, ಮುಂದ ತಿಂದೇನು. ಅದಕ್ಕ ಇನ್ನೊಂದ ಚಾತುರ್ಮಾಸ ಐತೇನವಾ?”

ನಾನು ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆಯೇ ಕುಳಿತುಬಿಟ್ಟೆ. ತಾವು ಆ ಹೊತ್ತಿನಲ್ಲಿ ಕೊತ್ತಂಬರಿಯನ್ನೂ ಮುಗಿಸಿದಿರಿ, ಅದಕ್ಕೂ ವಂದನೆಗಳು.

ಸಂಜೆ ಫಕೀರವ್ವ ತಪ್ಪು ಕೇಳಿಕೊಳ್ಳಲು ಬಂದಳು. ಮೊಮ್ಮಗಳು ಜ್ವರದಲ್ಲಿ ಕಣ್ಣು ತೆರೆಯದಿದ್ದಾಗ ಹೊತ್ತ ಹರಕೆಯಂತೆ. ಮಗು ಉಳಿಯಿತು, ಮಾತು ತಪ್ಪುವಂತಿಲ್ಲ. “ಮರಿ ಇದ್ದಾಗ ನಾನ ಬಾಟ್ಲಿ ಹಾಲ ಕುಡಿಸಿ ಬೆಳಸೇನ್ರಿ ಅಕ್ಕಾರ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊರಟವಳು ಹೊಸ್ತಿಲಲ್ಲಿ ನಿಂತು, ನಮ್ಮ ಮುಖ ನೋಡದೆ, ಗೋಡೆಗೆ ಹೇಳುವಂತೆ ಹೇಳಿದಳು: “ಕಿವಿ ಹರದದ್ದು, ಕಾಲ ಕುಂಟಿದ್ದು ದೇವಿಗಿ ನಡಿಯಂಗಿಲ್ರಿ. ಹಂತಾದಾದ್ರ ಕಾಯಿ ಒಡದು ಕೈ ಮುಗದು ಬರೂದು. ಮುಂದ ಅದು ಸಾಯೂತನಕಾ ನಮ್ಮ ಹಿಂಡಿನ್ಯಾಗ ಇರೂದು.”

ಆದಕಾರಣ ಮಾನ್ಯರಲ್ಲಿ ನನ್ನ ಕೋರಿಕೆಯೇನೆಂದರೆ, ಇಷ್ಟು ದಿನ ಚಂದದ ಹಿತ್ತಲನ್ನು ಒಂದು ಅಳುಕೂ ಇಲ್ಲದೆ ಹಾಳುಗೆಡವಿದ ತಾವು, ಮಂಗಳವಾರದೊಳಗೆ ತಮ್ಮ ಚಂದದ ಕಿವಿಯನ್ನೂ ಒಂದಿಷ್ಟು ಹಾಳು ಮಾಡಿಕೊಳ್ಳುವ ಕೃಪೆ ಮಾಡಬೇಕು. ನಾವು ಕೈ ಎತ್ತುವಂತಿಲ್ಲ, ಬೇರೆಯವರಿಗೆ ಹೇಳಿ ಎತ್ತಿಸುವಂತೆಯೂ ಇಲ್ಲ. ಕೆಲಸ ತಮ್ಮದೇ. ಸೇವಂತಿ ಕೀಳಲು ತೋರಿದ ಜಾಣತನದ ಕಾಲು ಭಾಗ ಸಾಕು.

ತಮ್ಮ ಹಿಕ್ಕೆಗೊಬ್ಬರದ ಋಣದಲ್ಲಷ್ಟೇ ಇರುವ,
ತಮ್ಮ ವಿಶ್ವಾಸಿ,
ತ್ರಿಶಲಾ

ತಾ.ಕ.: ಇಷ್ಟು ಬರೆದು ಹಿತ್ತಲಿಗೆ ಹೋದರೆ, ಅತ್ತೆಯವರು ಮಾಳಿಗೆಯಿಂದ ಮುಳ್ಳುತಂತಿ ಇಳಿಸಿಕೊಂಡು ಗೇಟಿಗೆ ಸುತ್ತುತ್ತಿದ್ದಾರೆ, ಅದೂ ತಮ್ಮ ಕಿವಿಯ ಎತ್ತರಕ್ಕೆ ನೋಡಿಕೊಂಡು. ಬೆರಳಿಗೆ ಚುಚ್ಚಿ ರಕ್ತ ಬಂದಿದೆ, ನನ್ನನ್ನು ಮುಟ್ಟಗೊಡುವುದಿಲ್ಲ. ಆ ಪಾಪ ಯಾರು ಹೊರಬೇಕೆಂಬುದೂ ತೀರ್ಮಾನವಾಗಿದೆ: ಇನ್ನು ಬದುಕಿರುವವರೆಗೂ ಮೆಂತ್ಯ ಮುಟ್ಟುವುದಿಲ್ಲವೆಂದು ನೇಮ ಹಿಡಿದಿದ್ದಾರೆ. ಆದ್ದರಿಂದ ನಾಳೆ ಬರುವಾಗ ದಯವಿಟ್ಟು ಎಂದಿನ ಹಾಗೆ ತಲೆಯೆತ್ತಿಕೊಂಡೇ ಬನ್ನಿ. ಈ ಒಂದು ದಿನ ವಿನಯ ಬೇಡ. ಆ ಮಡಿಗೆ ನಾನು ಇವತ್ತು ಮತ್ತೆ ಮೆಂತ್ಯ ಬಿತ್ತಿದ್ದೇನೆ, ಅದನ್ನು ತಿನ್ನಲು ತಾವಾದರೂ ಇರಬೇಕು.