ಮತ್ತಿ ಮರಕ್ಕೆ ವಿಭೂತಿ

ಮರದ ತೊಗಟೆ ತರುವುದೂ ಒಂದು ಕೆಲಸವೇ? ಮರವಿದೆ, ಉಳಿಯಿದೆ, ನಾನಿದ್ದೇನೆ! ಹೀಗೆಂದು ಹೆಂಡತಿ ನೀಲಾಳ ಮುಂದೆ ಘೋಷಿಸಿದೆ.

ಎಪ್ಪತ್ತರ ದಶಕದ ಮಾತು. ವಿಜಯನಗರ ಬಡಾವಣೆ ದಾಟಿದರೆ ಹೊಲಗಳೇ. ನೀಲಾಳ ಹೃದಯ ದುರ್ಬಲವಾಗಿದೆಯೆಂದು ಡಾಕ್ಟರು ಮಾತ್ರೆ ಕೊಟ್ಟಿದ್ದರು. ಜೊತೆಗೆ ಹೊಳೆಮತ್ತಿ ಮರದ ತೊಗಟೆಯನ್ನು ಹಾಲಿನಲ್ಲಿ ಕುದಿಸಿ ಕುಡಿದರೆ ಎದೆಗೆ ಬಲ ಎಂದರು ಪಂಡಿತರು. ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತಿತ್ತು. ಆದರೆ ಅಂಗಡಿಯ ಹುಳು ಹಿಡಿದ ಚಕ್ಕೆ ನನ್ನ ಹೆಂಡತಿಗೆ? ಛೆ! ನಿಜ ಹೇಳಬೇಕೆಂದರೆ ನನಗೆ ವಿಪರೀತ ಭಯವಾಗಿತ್ತು. ಏನಾದರೂ ಮಾಡುತ್ತಲೇ ಇರಬೇಕಿತ್ತು.

ಬ್ಯಾಡರಹಳ್ಳಿಯ ಮುನಿಯಪ್ಪನವರ ಹೊಲದಂಚಿನ ಹಳ್ಳದಲ್ಲಿ ಹೊಳೆಮತ್ತಿ ಮರವಿತ್ತು. "ಬೇಕಾದಷ್ಟು ಸುಲ್ಕೊಂಡ್ ಹೋಗಿ ಸಾರ್, ಮರ ಏನ್ ಅಳುತ್ತಾ?" ಎಂದರು ಅವರು.

ಷರತ್ತು ಹಾಕಿದ್ದು ನೀಲಾ. "ರೀ, ಔಷಧಿ ಮರ ಅದು. ಹಿಂದಿನ ಸಂಜೆ ಹೋಗಿ ಅಪ್ಪಣೆ ಕೇಳ್ಬೇಕು. ಅರಿಶಿನದ ದಾರ ಕಟ್ಟಿ, ನಾಳೆ ಬರ್ತೀನಿ ಅಂತ ಹೇಳಿ ಬನ್ನಿ."

ಹೋದೆ. ದಾರ ಮನೆಯಲ್ಲೇ ಉಳಿದಿತ್ತು! ಆದರೆ ನಮ್ಮಂಥವರ ಜೇಬಿನಲ್ಲಿ ವಿಭೂತಿಗೆ ಬರವೇ? ಮರದ ಬೊಡ್ಡೆಗೆ ಮೂರು ಬೆರಳಲ್ಲಿ ಅಚ್ಚುಕಟ್ಟಾಗಿ ಎಳೆದು ಕೈಮುಗಿದೆ. "ಮಾನ್ಯ ವೃಕ್ಷರಾಜರೇ, ತಮ್ಮ ತೊಗಟೆಯ ಒಂದು ಸಣ್ಣ ಭಾಗವನ್ನು ದಯಪಾಲಿಸಬೇಕಾಗಿ ವಿನಂತಿ." ಆಮೇಲೆ ಅವಳನ್ನು ಉಳಿಸಿಕೊಡಿ ಎಂದಷ್ಟೇ ಹೇಳಿ ಬಂದೆ.

ಬೆಳಗ್ಗೆ ಉಳಿ ಹಿಡಿದು ಹೋದರೆ ಮರದ ಸುತ್ತ ಜನವೋ ಜನ! ದೀಪ, ಹೂವು, ಒಡೆದ ತೆಂಗಿನಕಾಯಿ.

"ರಾತ್ರೋರಾತ್ರಿ ಶಿವ ಬಂದವ್ನೆ ಸಾರ್! ಮೂರು ಗೆರೆ ನೋಡಿ!" ಎಂದರು ಮುನಿಯಪ್ಪ.

"ಅಯ್ಯೋ, ಅದು ನಾನೇ ಹಚ್ಚಿದ್ದು ಕಣ್ರೀ!"

ಪಕ್ಕದಲ್ಲಿದ್ದ ಅಜ್ಜಿ ಕೆನ್ನೆ ಬಡಿದುಕೊಂಡಳು. "ಶಿವನೇ ನಿಮ್ ಕೈಲಿ ಹಚ್ಚಿಸವ್ನೆ ಸಾಮಿ!" ಎಂದು ನನ್ನ ಕಾಲಿಗೇ ಬಿದ್ದಳು. ಅವಳ ಹಿಂದೆ ಇನ್ನಿಬ್ಬರು ಬಿದ್ದರು!

ಮುನಿಯಪ್ಪನವರನ್ನು ಪಕ್ಕಕ್ಕೆ ಕರೆದು, ತೊಗಟೆಯ ಗತಿಯೇನು ಎಂದು ಪಿಸುಗುಟ್ಟಿದೆ. "ನಿನ್ನೆ ಅದು ನನ್ನ ಮರ ಸಾರ್. ಇವತ್ತು ದೇವ್ರು. ದೇವ್ರ ಚರ್ಮ ಸುಲಿಯೋಕಾಗುತ್ತಾ?" ಅಷ್ಟರಲ್ಲಿ ಯಾರೋ ನನ್ನ ಉಳಿಯನ್ನು ನೋಡಿ, ಮರಕ್ಕೆ ಕಟ್ಟೆ ಕಟ್ಟುವ ಕೆಲಸಕ್ಕೆ ತಂದ ಕಾಣಿಕೆಯೆಂದು ಭಕ್ತಿಯಿಂದ ಇಸಿದುಕೊಂಡರು. ತೊಗಟೆಯೂ ಇಲ್ಲ, ಉಳಿಯೂ ಇಲ್ಲ. ಅರ್ಧ ತೆಂಗಿನಕಾಯಿಯೊಂದಿಗೆ ಮನೆಗೆ ಬಂದೆ.

ವಿಷಯ ಕೇಳಿ ನೀಲಾ ದಿಂಬಿಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕಾಯಿಲೆ ಬಂದ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು. ಕೊನೆಗೆ ಗ್ರಂಧಿಗೆ ಅಂಗಡಿಯ ಚಕ್ಕೆಯನ್ನೇ ಕುದಿಸಿ ಕೊಟ್ಟೆ. ಮುಖ ಕಿವುಚಿಕೊಂಡು ಕುಡಿಯುತ್ತಿದ್ದಳು. "ನಿಮ್ ಶಿವನ್ನ ನಾನೂ ನೋಡ್ಬೇಕು ಕಣ್ರೀ" ಎನ್ನುತ್ತಿದ್ದಳು.

"ಚೇತರಿಸ್ಕೋ, ಹೋಗೋಣ" ಎನ್ನುತ್ತಿದ್ದೆ.

ಅವಳು ಚೇತರಿಸಿಕೊಳ್ಳಲಿಲ್ಲ. ಮಾತ್ರೆ, ತೊಗಟೆ ಯಾವುದೂ ಅವಳನ್ನು ಹಿಡಿದು ನಿಲ್ಲಿಸಲಿಲ್ಲ. ಆ ಮಳೆಗಾಲದಲ್ಲೇ ಹೋಗಿಬಿಟ್ಟಳು.

ಅವಳ ಆಸೆ ಅಲ್ವಾ ಎಂದು ಒಂದು ಸೋಮವಾರ ನಾನೊಬ್ಬನೇ ಬ್ಯಾಡರಹಳ್ಳಿಗೆ ಹೋದೆ. ಮರಕ್ಕೆ ಕಟ್ಟೆ, ಗಂಟೆ, ಹೊಸ ಪೂಜಾರಿ ಎಲ್ಲ ಬಂದಿದ್ದವು. ನಾನು ಮೂರು ಗೆರೆ ಎಳೆದಿದ್ದ ಜಾಗದ ಕಡೆ ಕೈ ಚಾಚಿದೆ.

"ದೂರ ನಿಂತ್ಕೊಳ್ಳಿ ಸಾರ್, ದೇವರನ್ನ ಮುಟ್ಬೇಡಿ!" ಎಂದು ಪೂಜಾರಿ ಗದರಿದರು. ಆಮೇಲೆ ಮೃದುವಾಗಿ, "ಬೇಡಿದ್ದೆಲ್ಲ ಕೊಡೋ ಸ್ವಾಮಿ. ನೀವೇನು ಬೇಡ್ಕೊಂಡಿದ್ರಿ?" ಎಂದರು.

"ಒಂಚೂರು ತೊಗಟೆ" ಎಂದೆ.

ಪೂಜಾರಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಪಾಪ, ತಲೆ ಕೆಟ್ಟಿದೆ ಅನ್ನಿಸಿರಬೇಕು. ಬಾಳೆಹಣ್ಣು ಒಂದು ಹೆಚ್ಚಾಗಿಯೇ ಕೊಟ್ಟರು.

ಇದನ್ನು ಹೇಳಿದರೆ ನೀಲಾ ಎಷ್ಟು ನಗುತ್ತಾಳೋ ಎಂದುಕೊಂಡು, ಹಣ್ಣು ನಜ್ಜುಗುಜ್ಜಾಗದಂತೆ ಹಿಡಿದು, ಅವಸರ ಅವಸರವಾಗಿ ಬಸ್ಸು ಹತ್ತಿದೆ. ಟಿಕೆಟ್ ತೆಗೆದುಕೊಂಡ ಮೇಲೆ ನೆನಪಾಯಿತು. ಅಂಥಾ ದಡ್ಡ ನಾನು!